ಅಂಬಾಸಿಡರ್ ಬಿಚ್ಚಿದ ಕೈಗೆ ಎಂಜಿ ಕಾರು ಹೊಸದಲ್ಲ

ಮಹಾರಾಷ್ಟ್ರದ ಗಡಿಗೆ ಆತುಕೊಂಡಿರುವ ಬೀದರ್ ಜಿಲ್ಲೆಯ ಡಾಬಕಾದ ಕಡೆ ಗ್ಯಾರೇಜಿನ ಮುಂದೆ ನಿಲ್ಲುವುದು ಟ್ರ್ಯಾಕ್ಟರು, ಜೀಪು, ಟಂಟಂ. ಇಂಗ್ಲೆಂಡಿನ ಹಳೆಯ ಸ್ಪೋರ್ಟ್ಸ್ ಕಾರಿನ ಮಾತು ಇಲ್ಲಿಗೆ ಬಲು ದೂರದ್ದು ಅನ್ನಿಸಬಹುದು. ಆದರೆ ಔರಾದ್, ಭಾಲ್ಕಿ, ಬೀದರಿನ ಹಿರಿಯ ಮಿಸ್ತ್ರಿಗಳ ಕೈ ಪಳಗಿದ ಅಂಬಾಸಿಡರ್ ಎಂಜಿನ್ನು ಆ ಕಾರಿನ ಎಂಜಿನ್ನಿಗೆ ಒಡಹುಟ್ಟಿದ್ದು. 1955ರಲ್ಲಿ ಬಂದ ಎಂಜಿಎ ಎಂಬ ಎರಡು ಸೀಟಿನ ಕಾರಿಗೆ ಬಿಎಂಸಿ ಕಂಪನಿ ಕೂರಿಸಿದ್ದು 1,489 ಸಿಸಿಯ ‘ಬಿ ಸೀರೀಸ್’ ಎಂಜಿನ್ನು. ಕೆಲವೇ ವರ್ಷಗಳಲ್ಲಿ ಅದೇ ಎಂಜಿನ್ನು ಕೋಲ್ಕತ್ತದ ಹತ್ತಿರದ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರಿಗೂ ಬಂತು. ಎಂಜಿಎ ನಂತರ ಬಂದ 1962ರ ಎಂಜಿಬಿಗೆ ಬೋರ್ ಹಿಗ್ಗಿಸಿ 1,798 ಸಿಸಿ ಮಾಡಿದರು. ಪಿಸ್ಟನ್ನಿನ ಓಟ ಮಾತ್ರ ಹಳೆಯ 88.9 ಮಿಲಿಮೀಟರೇ ಉಳಿಯಿತು.

ಸರ್ಕಾರಿ ಕಚೇರಿಯ ಬಿಳಿ ಕಾರಾಗಿ, ಬಾಡಿಗೆ ಟ್ಯಾಕ್ಸಿಯಾಗಿ ಅಂಬಾಸಿಡರ್ ಓಡಿದಷ್ಟು ಕಾಲವೂ ಅದರ ಎಂಜಿನ್ನು ಹೊರಗೆ ಬರುತ್ತಲೇ ಇತ್ತು. ಒಮ್ಮೆ ರಿಂಗು ಸವೆದು, ಒಮ್ಮೆ ಕ್ಲಚ್ ಪ್ಲೇಟು ಸುಟ್ಟು, ಮತ್ತೊಮ್ಮೆ ಪೆಟ್ರೋಲಿನ ಖರ್ಚು ತಾಳದೆ ಡೀಸೆಲ್ ಎಂಜಿನ್ ಕೂರಿಸಲು. ಈ ಕೆಲಸವನ್ನು ಕಲಿಸಿದ್ದು ಪುಸ್ತಕವಲ್ಲ, ಉಸ್ತಾದನ ಪಕ್ಕದಲ್ಲಿ ಪಾನಾ ಹಿಡಿದು ನಿಂತ ವರ್ಷಗಳು.

ಗೇರ್‌ಬಾಕ್ಸ್ ಸೇರಿದರೆ ಈ ಎಂಜಿನ್ನು ಸುಮಾರು ಎರಡು ಕ್ವಿಂಟಲ್ ತೂಗುತ್ತದೆ. ಎತ್ತುವುದೇ ಕಷ್ಟ ಎಂದು ನೋಡುವವರಿಗೆ ಅನ್ನಿಸುತ್ತದೆ. ನಿಜವಾದ ಕೆಲಸ ಇರುವುದು ಅದಕ್ಕೂ ಮೊದಲು, ಬಿಡಿಸುವುದರಲ್ಲಿ. ಬ್ಯಾಟರಿಯ ತಂತಿ ಮೊದಲು ಕಳಚಬೇಕು, ಆಮೇಲೆಯೇ ಉಳಿದದ್ದು. ಬಾನೆಟ್ ತೆಗೆಯುವಾಗ ಹಿಂಜಿನ ಸುತ್ತ ಗೆರೆ ಎಳೆದಿಟ್ಟರೆ ಮರಳಿ ಕೂರಿಸುವಾಗ ಸಂದು ಸರಿಯಾಗಿ ಬರುತ್ತದೆ. ನೀರು, ಎಣ್ಣೆ ಇಳಿಸಿ ರೇಡಿಯೇಟರ್ ಹೊರತೆಗೆಯುತ್ತಾರೆ. ಆಮೇಲೆ ಕಾರ್ಬೊರೇಟರ್: ಅಂಬಾಸಿಡರಿಗೆ ಒಂದು, ಎಂಜಿಗೆ ಎರಡು. ಸೈಲೆನ್ಸರ್ ಪೈಪು, ಸ್ಟಾರ್ಟರಿನ ತಂತಿ, ಮೀಟರ್ ಕೇಬಲ್ಲು, ಎಣ್ಣೆಯ ಒತ್ತಡ ತೋರಿಸುವ ಸಣ್ಣ ನಳಿಗೆ ಒಂದೊಂದಾಗಿ ಬಿಡುತ್ತವೆ. ಪ್ರೊಪೆಲ್ಲರ್ ಶಾಫ್ಟಿನ ನಾಲ್ಕು ಬೋಲ್ಟು ಬಿಚ್ಚುವ ಮುನ್ನ ಎರಡೂ ಕಡೆ ಗುರುತು ಹಾಕಲೇಬೇಕು, ಇಲ್ಲವಾದರೆ ಗಾಡಿ ಓಡುವಾಗ ನಡುಕ ಹಿಡಿಯುತ್ತದೆ.

ಎಂಜಿಎ ಕಾರಿನಲ್ಲಿ ಒಂದು ಜಾಗ ಬಹಳ ಸೂಕ್ಷ್ಮ. ನೀರಿನ ಬಿಸಿ ತೋರಿಸುವ ಮೀಟರಿನಿಂದ ಎಂಜಿನ್ನಿನ ತಲೆಯವರೆಗೆ ಕೂದಲಿನಷ್ಟು ಸಣ್ಣ ರಂಧ್ರದ ತಾಮ್ರದ ನಳಿಗೆ ಬರುತ್ತದೆ, ಒಳಗೆ ಈಥರ್ ತುಂಬಿರುತ್ತದೆ. ತಂತಿ ಎಂದು ತಿಳಿದು ಕತ್ತರಿಸಿದರೆ ಮೀಟರೇ ಹೋಯಿತು. ತುದಿಯ ನಟ್ಟನ್ನು ಮಾತ್ರ ಸಡಿಲಿಸಿ, ನಳಿಗೆಯನ್ನು ಅಗಲವಾಗಿ ಸುತ್ತಿ, ಪಕ್ಕಕ್ಕೆ ಕಟ್ಟಿಡಬೇಕು. ಇಂಥ ಕಡೆ ಆತುರ ತೋರದ ಕೈಯನ್ನೇ ನಾನು ಒಳ್ಳೆಯ ಮಿಸ್ತ್ರಿಯ ಕೈ ಎನ್ನುತ್ತೇನೆ.

ಗೇರ್‌ಬಾಕ್ಸ್ ಸಮೇತ ತೆಗೆಯುವುದೋ, ಎಂಜಿನ್ನನ್ನು ಮಾತ್ರವೋ? ಎಂಜಿಬಿಯಲ್ಲಿ ಜೋಡಿಯಾಗಿಯೇ ತೆಗೆಯುವವರು ಹೆಚ್ಚು. ಬಿಡಿಸಿ ತೆಗೆಯುವುದಾದರೆ ಗೇರ್‌ಬಾಕ್ಸಿನ ಕೆಳಗೆ ಜಾಕ್ ಕೊಡಬೇಕು. ಎಂಜಿನ್ನಿನ ಭಾರ ಕ್ಲಚ್ ಪ್ಲೇಟಿನೊಳಗಿನ ಶಾಫ್ಟಿನ ಮೇಲೆ ಜೋತುಬಿದ್ದರೆ ಪ್ಲೇಟು ಬಾಗಿ ಹಾಳಾಗುತ್ತದೆ.

ಇನ್ನು ಎತ್ತುವ ಸರದಿ. ದೊಡ್ಡ ಊರುಗಳಲ್ಲಿ ಚಕ್ರದ ಮೇಲೆ ಓಡುವ ಹೈಡ್ರಾಲಿಕ್ ಕ್ರೇನು ಇರುತ್ತದೆ. ಹಳ್ಳಿಯ ಗ್ಯಾರೇಜಿಗೆ ಬೇವಿನ ಮರದ ಗಟ್ಟಿ ಕೊಂಬೆ, ಇಲ್ಲವೇ ಕಬ್ಬಿಣದ ಪೈಪಿನ ಮೂರು ಕಾಲು, ಅದಕ್ಕೊಂದು ಚೈನ್ ಪುಲ್ಲಿ ಸಾಕು. ಒಬ್ಬ ಸರಪಳಿ ಎಳೆಯುತ್ತಾನೆ, ಇನ್ನೊಬ್ಬ ಎಂಜಿನ್ನಿನ ಮೂತಿ ಹಿಡಿದು ದಿಕ್ಕು ತೋರಿಸುತ್ತಾನೆ. ‘ಹಗೂರಕ ಎಳಿ’, ‘ಕಾಲ್ ತೆಗಿ’ ಎಂಬೆರಡು ಮಾತು ಬಿಟ್ಟರೆ ಬೇರೆ ಸದ್ದಿರುವುದಿಲ್ಲ. ಗೇರ್‌ಬಾಕ್ಸಿನ ಬಾಲ ಕೆಳಗಾಗಿ, ಮೂತಿ ಮೇಲಾಗಿ ಎಂಜಿನ್ನು ಓರೆಯಾಗಿ ಏಳುತ್ತದೆ. ಅದು ಮುಂದಿನ ಅಡ್ಡಪಟ್ಟಿಯನ್ನು ದಾಟಿದ ಮೇಲೆ ಎಂಜಿನ್ನನ್ನು ಯಾರೂ ಸರಿಸುವುದಿಲ್ಲ. ಅದು ತೂಗಿದಲ್ಲೇ ತೂಗುತ್ತದೆ. ಹಿಂದಕ್ಕೆ ತಳ್ಳುವುದು ಕಾರನ್ನು. ತೂಗುವ ಎಂಜಿನ್ನಿನ ಕೆಳಗೆ ಕೈಯನ್ನಾಗಲಿ ಕಾಲನ್ನಾಗಲಿ ಯಾರೂ ಇಡಬಾರದು. ಇದಕ್ಕೆ ವಿನಾಯಿತಿ ಇಲ್ಲ.

ಎಲ್ಲ ಸ್ಪೋರ್ಟ್ಸ್ ಕಾರುಗಳಿಗೂ ಈ ದಾರಿ ಹೊಂದದು. ಪೋರ್ಷೆ 911ರ ಎಂಜಿನ್ನು ಹಿಂಬದಿಯಲ್ಲಿದೆ; ಅದನ್ನು ಜಾಕಿನ ಮೇಲೆ ಕೆಳಕ್ಕಿಳಿಸಿ, ಕಾರನ್ನು ಮೇಲೆತ್ತುತ್ತಾರೆ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಮತ್ತು ಅದೇ ಕುಲದ ಟ್ರಯಂಫ್ ಸ್ಪಿಟ್‌ಫೈರ್ ಎಷ್ಟೋ ಸಲೀಸು. ಮಡ್‌ಗಾರ್ಡ್ ಸಮೇತ ಇಡೀ ಬಾನೆಟ್ಟು ಮುಂದಕ್ಕೆ ಮಗುಚಿ, ಎಂಜಿನ್ನು ಎರಡೂ ಕಡೆಯಿಂದ ಕೈಗೆ ಸಿಗುತ್ತದೆ.

ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ, ಶ್ರೀರಂಗಪಟ್ಟಣದ ಬಳಿಯ ಪಯಣ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ನೋಡಲು ಜನ ಟಿಕೆಟ್ ಕೊಂಡು ಹೋಗುತ್ತಾರೆ. ಅಂಥ ಕಾರುಗಳಿಗೆ ಮತ್ತೆ ಜೀವ ತುಂಬಬಲ್ಲವರು ಮಾತ್ರ ನಮ್ಮ ತಾಲ್ಲೂಕುಗಳಲ್ಲಿ ಟ್ರ್ಯಾಕ್ಟರಿನ ಎಣ್ಣೆ ಬದಲಿಸುತ್ತ ಮುಪ್ಪಾಗುತ್ತಿದ್ದಾರೆ. ಐಟಿಐಗಳು ಇಂಥ ಮಿಸ್ತ್ರಿಗಳನ್ನು ವಾರಕ್ಕೊಂದು ದಿನ ಕರೆಸಿ ಹುಡುಗರಿಗೆ ಕಲಿಸಿದರೆ ಖರ್ಚು ಏನೂ ಅಲ್ಲ, ಉಳಿಯುವ ವಿದ್ಯೆ ದೊಡ್ಡದು.

ಎಂಜಿನ್ನನ್ನು ಮರಳಿ ಕೂರಿಸುವುದು ಬಿಚ್ಚಿದ ಕ್ರಮದ ತಿರುವು, ಆದರೆ ಹೊತ್ತು ಹೆಚ್ಚು ಬೇಡುತ್ತದೆ. ಕ್ಲಚ್ ಪ್ಲೇಟನ್ನು ನಟ್ಟನಡುವೆ ನಿಲ್ಲಿಸಲು ಹಳೆಯ ಗೇರ್‌ಬಾಕ್ಸಿನ ಶಾಫ್ಟೊಂದನ್ನು ಮಿಸ್ತ್ರಿಗಳು ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ. ಎಲ್ಲ ಜೋಡಿಸಿದ ಮೇಲೂ ಕೂಡಲೇ ಚಾಲು ಮಾಡುವಂತಿಲ್ಲ. ಸ್ಪಾರ್ಕ್ ಪ್ಲಗ್ ನಾಲ್ಕನ್ನೂ ಹೊರಗಿಟ್ಟು, ಎಣ್ಣೆ ಮೀಟರಿನ ಮುಳ್ಳು ಏಳುವವರೆಗೆ ಸ್ಟಾರ್ಟರ್ ತಿರುಗಿಸಬೇಕು. ಹೆಡ್ ಬಿಚ್ಚಿದ್ದರೆ ಸ್ವಲ್ಪ ದೂರ ಓಡಿಸಿ, ಎಂಜಿನ್ನು ತಣ್ಣಗಾದ ಮೇಲೆ ಹೆಡ್ಡಿನ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು, ವಾಲ್ವಿನ ಸಂದು ನೋಡಬೇಕು. ಗಾಡಿ ಮಾಲೀಕನ ಕೈ ಸೇರುವುದು ಅದಾದ ಮೇಲೆಯೇ.