ಕಂಬದಿಂದ ಮನೆಯವರೆಗಿನ ಇಂಟರ್‌ನೆಟ್

ಸಾಗರ, ಸಿರ್ಸಿ, ತೀರ್ಥಹಳ್ಳಿ, ಸುಳ್ಯದಂಥ ಊರುಗಳಲ್ಲಿ ಮನೆಗೆ ನೆಟ್ ಹಾಕಿಸಲು ಹೊರಟರೆ ಈಗ ಆಯ್ಕೆಗೆ ಕೊರತೆಯಿಲ್ಲ. ಬಿಎಸ್‌ಎನ್‌ಎಲ್ ಫೈಬರ್ ಇದೆ, ಟಿವಿ ಕೇಬಲ್‌ನವರೇ ಕೊಡುವ ಲೈನ್ ಇದೆ, ಜಿಯೊ ಮತ್ತು ಏರ್‌ಟೆಲ್‌ನವರ ಏರ್‌ಫೈಬರ್ ಇದೆ. ಎಲ್ಲರ ಜಾಹೀರಾತಿನಲ್ಲೂ ಎದ್ದು ಕಾಣುವುದು ವೇಗದ ಅಂಕಿ: 50 ಎಂಬಿಪಿಎಸ್, 100 ಎಂಬಿಪಿಎಸ್. ಒಂದು ಎಚ್‌ಡಿ ಸಿನಿಮಾಕ್ಕೆ 5 ಎಂಬಿಪಿಎಸ್ ಧಾರಾಳವಾಗಿ ಸಾಕು. ನಾಲ್ಕು ಜನರ ಮನೆ 50ರಲ್ಲಿ ಸುಖವಾಗಿರುತ್ತದೆ. ಹಾಗಾಗಿ ಆ ಅಂಕಿಯನ್ನು ಕೊನೆಗೆ ನೋಡಿ. ಮಲೆನಾಡಿನ ಊರಿನಲ್ಲಿ ಮೊದಲು ತಿಳಿಯಬೇಕಾದದ್ದು, ಕೊನೆಯ ಒಂದೆರಡು ಕಿಲೋಮೀಟರ್ ಆ ಸಂಪರ್ಕ ಯಾವ ದಾರಿಯಲ್ಲಿ ಬರುತ್ತದೆ, ಮಳೆಗಾಲದಲ್ಲಿ ಆ ದಾರಿಯ ಗತಿ ಏನು ಎನ್ನುವುದು.

ಫೈಬರ್ ಎಂದರೆ ಕೂದಲೆಳೆಯಷ್ಟು ಸಪೂರವಾದ ಗಾಜು. ಅದರಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಗಾಜಿನಲ್ಲಿರುವ ಕಲ್ಮಶವನ್ನು ತೆಗೆದರೆ ಬೆಳಕು ಬಹುದೂರ ಸಾಗಬಲ್ಲದು ಎಂದು 1966ರಲ್ಲಿ ತೋರಿಸಿಕೊಟ್ಟವರು ಚಾರ್ಲ್ಸ್ ಕಾವ್. ಅದಕ್ಕೆ 2009ರಲ್ಲಿ ಅವರಿಗೆ ನೊಬೆಲ್ ಬಂತು. ಇವತ್ತು ಆ ಗಾಜು ನಮ್ಮೂರ ಕರೆಂಟ್ ಕಂಬಗಳ ಮೇಲೆ ಅಡಿಕೆ ತೋಟ ದಾಟಿ ಬರುತ್ತಿದೆ.

ಎಕ್ಸ್‌ಚೇಂಜಿನಿಂದ ಪ್ರತಿ ಮನೆಗೂ ಬೇರೆ ಬೇರೆ ಎಳೆ ಬರುವುದಿಲ್ಲ. ಒಂದೇ ಎಳೆ ಬಂದು, ಕಂಬದ ಮೇಲಿನ ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿಯಲ್ಲಿ 32 ಅಥವಾ 64 ಮನೆಗಳಿಗೆ ಕವಲೊಡೆಯುತ್ತದೆ. ಹೆಚ್ಚಿನ ಕಡೆ ಬಳಕೆಯಲ್ಲಿರುವ ಜಿಪಾನ್ ತಂತ್ರಜ್ಞಾನದಲ್ಲಿ ಆ ಎಳೆಯ ಒಟ್ಟು ಸಾಮರ್ಥ್ಯ ಸುಮಾರು 2,500 ಎಂಬಿಪಿಎಸ್. 64 ಮನೆಯವರೂ ಒಂದೇ ಕ್ಷಣದಲ್ಲಿ ಪೂರ್ತಿ ಎಳೆದರೆ ತಲಾ 39 ಸಿಗುತ್ತದೆ. ನಿಜಜೀವನದಲ್ಲಿ ಹಾಗೆ ಆಗುವುದು ಅಪರೂಪ. ಆದ್ದರಿಂದ ಸಂಜೆ ಎಂಟಕ್ಕೆ ನೆಟ್ ನಿಧಾನವಾದರೆ ಸ್ಪ್ಲಿಟರನ್ನು ದೂರುವ ಮೊದಲು, ಊರಿನಿಂದ ಹೊರಗೆ ಹೋಗುವ ಲೈನಿನಲ್ಲಿ ಕಂಪನಿ ಎಷ್ಟು ಸಾಮರ್ಥ್ಯ ಕೊಂಡಿದೆ ಎಂದು ಕೇಳಬೇಕು.

ಬೆಳಕು ಹಂಚಿಹೋಗುವುದನ್ನು ಕಣ್ಣಾರೆ ನೋಡಬೇಕಿದ್ದರೆ ಲೈನ್‌ಮನ್ ಕೈಯಲ್ಲಿರುವ ಪವರ್ ಮೀಟರ್ ನೋಡಿ. ಮನೆಗೆ ಬಂದ ತುದಿಯನ್ನು ಅದಕ್ಕೆ ಸಿಕ್ಕಿಸಿದಾಗ ಮೈನಸ್ 19, ಮೈನಸ್ 22 ಎಂದೇನೋ ತೋರಿಸುತ್ತದೆ. ಅದು ಡಿಬಿಎಂ ಲೆಕ್ಕ. ಸೊನ್ನೆ ಎಂದರೆ ಒಂದು ಮಿಲಿವ್ಯಾಟ್ ಬೆಳಕು. ಮೈನಸ್ 20 ಎಂದರೆ ಅದರ ನೂರನೇ ಒಂದು ಪಾಲು. ಮೂರು ಮೂರು ಇಳಿದಂತೆಲ್ಲ ಬೆಳಕು ಅರ್ಧರ್ಧವಾಗುತ್ತದೆ. ಮೈನಸ್ 27ರ ಆಸುಪಾಸಿಗೆ ಬಂದರೆ ಮನೆಯಲ್ಲಿರುವ ಫೈಬರ್ ಮೋಡೆಮಿನ ಪೆಟ್ಟಿಗೆಗೆ ಬೆಳಕನ್ನು ಓದುವುದೇ ಕಷ್ಟ. ಆಮೇಲೆ ಎಲ್‌ಓಎಸ್ ಎಂಬಲ್ಲಿ ಕೆಂಪು ದೀಪ ಮಿಟುಕಲು ಶುರುವಾಗುತ್ತದೆ. ಹೊಸ ಲೈನ್ ಹಾಕಿದ ದಿನವೇ ಈ ಅಂಕಿಯನ್ನು ಕೇಳಿ ಬರೆದಿಟ್ಟುಕೊಳ್ಳಿ. ಮುಂದೆ ತೊಂದರೆಯಾದಾಗ ‘ಆಗ 20 ಇತ್ತು, ಈಗ ಎಷ್ಟಿದೆ ನೋಡಿ’ ಎಂದರೆ, ಜೋಡಣೆ ಸಡಿಲವಾಗಿದೆಯೋ, ಮೊಳೆಗೆ ಸಿಕ್ಕಿ ಎಳೆ ಮಡಚಿದೆಯೋ ಎಂದು ಹುಡುಕಲು ಅವರಿಗೂ ದಾರಿ ಸಿಗುತ್ತದೆ.

ಗಾಜಿಗೆ ಇನ್ನೊಂದು ಗುಣವಿದೆ, ನಮ್ಮ ಕಡೆಗೆ ಇದೇ ದೊಡ್ಡದು. ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ತಾಮ್ರದ ಟೆಲಿಫೋನ್ ತಂತಿಯಲ್ಲಿ ಸಿಡಿಲಿನ ಆಘಾತ ಹರಿದುಬಂದು ಮೋಡೆಮ್ ಸುಟ್ಟುಹೋದ ಮನೆಗಳು ಎಷ್ಟೋ. ಗಾಜಿನ ಎಳೆಯಲ್ಲಿ ಹಾಗೆ ಬರಲು ದಾರಿಯಿಲ್ಲ. ಬಂದರೆ ಕರೆಂಟಿನ ಪ್ಲಗ್ಗಿನಿಂದಲೇ ಬರಬೇಕು. ಕೆಲವು ಕಡೆ ಕೇಬಲ್‌ನವರು ಫೈಬರನ್ನು ಬೀದಿಯ ಯಾವುದೋ ಮನೆಯ ಸ್ವಿಚ್‌ವರೆಗೆ ತಂದು, ಅಲ್ಲಿಂದ ತಾಮ್ರದ ಲ್ಯಾನ್ ವಯರ್ ಎಳೆಯುತ್ತಾರೆ. ಆಗ ಸಿಡಿಲಿನ ಭಯವೂ ಬಂತು, ಆ ಮನೆಯ ಕರೆಂಟ್ ಹೋದರೆ ನಿಮ್ಮ ನೆಟ್ಟೂ ಹೋಯಿತು. ಎಕ್ಸ್‌ಚೇಂಜಿನಿಂದ ಮನೆಯೊಳಗಿನವರೆಗೂ ಫೈಬರ್ ಇದ್ದರೆ ನಡುವಿನ ಸ್ಪ್ಲಿಟರಿಗೆ ಕರೆಂಟೇ ಬೇಡ. ಮನೆಯ ಪೆಟ್ಟಿಗೆಗೆ 12 ವೋಲ್ಟಿನ ಸಣ್ಣ ಯುಪಿಎಸ್ ಇಟ್ಟರೆ ಕತ್ತಲಲ್ಲೂ ಕೆಲಸ ನಡೆಯುತ್ತದೆ. ‘ಫೈಬರ್ ನಮ್ಮ ಮನೆಯೊಳಗೆ ಬರುತ್ತದೆಯೇ?’ ಎಂದು ಮೊದಲೇ ಕೇಳಬೇಕಾದದ್ದು ಇದಕ್ಕೇ.

ಫೈಬರಿಗೆ ಇರುವ ಶತ್ರು ಬೇರೆ. ಗಾಳಿಗೆ ಮರ ಬಿದ್ದು ಎಳೆ ತುಂಡಾದರೆ ಕೈಯಿಂದ ಗಂಟು ಹಾಕಿ ಸೇರಿಸಲಾಗದು. ಎರಡು ತುದಿಗಳನ್ನು ಒಂದಕ್ಕೊಂದು ಕರಾರುವಾಕ್ಕಾಗಿ ಹೊಂದಿಸಿ ಕರಗಿಸಿ ಬೆಸೆಯುವ ಯಂತ್ರ, ಅದನ್ನು ಬಳಸಲು ಬಲ್ಲವರು ಬೇಕು. ಆ ಯಂತ್ರ ನಿಮ್ಮೂರಲ್ಲೇ ಇದೆಯೋ, ಜಿಲ್ಲಾ ಕೇಂದ್ರದಿಂದ ಬರಬೇಕೋ ಎಂಬುದರ ಮೇಲೆ ದುರಸ್ತಿ ಎರಡು ಗಂಟೆಯದೋ ನಾಲ್ಕು ದಿನದ್ದೋ ಎಂದು ನಿರ್ಧಾರವಾಗುತ್ತದೆ. ಊರಿನವನೇ ಆದ ಸಣ್ಣ ಆಪರೇಟರ್ ದೊಡ್ಡ ಕಂಪನಿಗಿಂತ ಎಷ್ಟೋ ಬಾರಿ ವಾಸಿ ಎನಿಸುವುದು ಇಲ್ಲಿಯೇ.

ಏರ್‌ಫೈಬರಿಗೆ ಕಂಬದ ಗೊಡವೆಯಿಲ್ಲ. ಚಾವಣಿಯ ಮೇಲಿನ ಪೆಟ್ಟಿಗೆ ಟವರ್‌ನಿಂದ 5ಜಿ ಅಲೆಗಳನ್ನು ಹಿಡಿಯುತ್ತದೆ. 3.5 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 9 ಸೆಂಟಿಮೀಟರ್. ಮಿಲಿಮೀಟರ್ ಗಾತ್ರದ ಮಳೆಹನಿ ಅದನ್ನು ಹೆಚ್ಚು ಬಾಧಿಸುವುದಿಲ್ಲ. ಬಾಧಿಸುವುದು ಗುಡ್ಡ, ಮತ್ತು ನೀರು ಕುಡಿದ ದಟ್ಟ ಎಲೆ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನಲ್ಲಿ ತಂದೆ ಮಳೆಗೆ ಕೊಡೆ ಹಿಡಿದು ನಿಂತು, ಮನೆಯಲ್ಲಿ ಸಿಗ್ನಲ್ ಸಿಗದ ಮಗಳು ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಚಿತ್ರವನ್ನು ದೇಶವೇ ನೋಡಿತು. ಅಲೆ ಗುಡ್ಡ ಹತ್ತಿ ಇಳಿಯುವುದಿಲ್ಲ ಎಂಬುದಕ್ಕೆ ನಾವು ತೆತ್ತ ಬೆಲೆ ಅದು. ಹಾಗಾಗಿ ಮಾರ್ಚಿನಲ್ಲಿ ಏಜೆಂಟ್ ತೋರಿಸುವ ವೇಗವನ್ನು ನಂಬಿ ವರ್ಷದ ಹಣ ಕಟ್ಟಬೇಡಿ. ತಿಂಗಳ ಲೆಕ್ಕದಲ್ಲಿ ತೆಗೆದುಕೊಂಡು ಜುಲೈ ತಿಂಗಳ ಒಂದು ಸಂಜೆ ಅಳೆದು ನೋಡಿ. ಅಳೆಯುವಾಗ ಅಪ್‌ಲೋಡ್ ವೇಗವನ್ನೂ ಗಮನಿಸಿ. ಈ ತರಂಗಗಳಲ್ಲಿ ಸಮಯದ ಹೆಚ್ಚಿನ ಪಾಲು ಡೌನ್‌ಲೋಡಿಗೇ ಮೀಸಲು. ಮನೆಯಿಂದ ಪಾಠ ಮಾಡುವವರಿಗೆ, ಕಚೇರಿ ಕೆಲಸದವರಿಗೆ ಅದೇ ಕೈಕೊಡುವುದು. ಟವರ್ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂದು ಕರೆಂಟ್ ಹೋದ ರಾತ್ರಿ ಫೋನಿನಲ್ಲೇ ಗೊತ್ತಾಗುತ್ತದೆ.

ಎರಡೂ ಸಿಗುವಲ್ಲಿ ನನ್ನ ಮತ ಮನೆಯೊಳಗೆ ಬರುವ ಫೈಬರಿಗೇ, ದುರಸ್ತಿಗೆ ಹತ್ತಿರದಲ್ಲಿ ಜನ ಇರುವುದಾದರೆ. ಕಂಬವೇ ತಲುಪದ ಒಂಟಿ ಮನೆಗಳಿಗೆ ಏರ್‌ಫೈಬರ್ ನಿಜವಾದ ವರ. ಕೆಲಸಕ್ಕೆ ನೆಟ್ಟನ್ನೇ ನೆಚ್ಚಿದವರು ಬೇರೆ ಕಂಪನಿಯ ಸಿಮ್ ಒಂದನ್ನು ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು. ಆದರೆ ಆ ಸಿಮ್‌ನ ಟವರಿಗೆ ಬರುವ ಫೈಬರ್ ಕೂಡ ನಿಮ್ಮ ಲೈನ್ ಬರುವ ಹೆದ್ದಾರಿಯ ಬದಿಯಲ್ಲೇ ಹೂತಿದ್ದರೆ, ರಸ್ತೆ ಅಗಲ ಮಾಡುವ ಜೆಸಿಬಿಯ ಒಂದೇ ಏಟಿಗೆ ಎರಡೂ ಹೋಗುತ್ತವೆ. ಊರಿಗೆ ಲೈನ್ ಎಷ್ಟು ದಾರಿಗಳಿಂದ ಬರುತ್ತದೆ ಎಂದು ಅರ್ಜಿ ತುಂಬುವ ಮೊದಲೇ ಕೇಳಿ. ಊರಿನ ಲೈನ್‌ಮನ್‌ಗೆ ಅದು ಖಂಡಿತ ಗೊತ್ತಿರುತ್ತದೆ.