ಎಸೆತ ಎಣಿಸಿ, ಮಕ್ಕಳ ಮೊಣಕೈ ಉಳಿಸಿ

ಅಮೆರಿಕದಲ್ಲಿ ಮಕ್ಕಳ ಬೇಸ್‌ಬಾಲ್ ನಡೆಸುವ ‘ಲಿಟಲ್ ಲೀಗ್’ ಸಂಸ್ಥೆ 2007ರಲ್ಲಿ ತನ್ನ ನಿಯಮವೊಂದನ್ನು ಬದಲಿಸಿತು. ಚೆಂಡು ಎಸೆಯುವ ಹುಡುಗ, ಅಂದರೆ ಪಿಚರ್, ಎಷ್ಟು ಇನಿಂಗ್ಸ್ ಎಸೆಯಬಹುದು ಎಂಬುದಕ್ಕೆ ಅದುವರೆಗೆ ಮಿತಿ ಇತ್ತು. ಆದರೆ ಒಂದು ಇನಿಂಗ್ಸ್ ಹತ್ತು ಎಸೆತಗಳಲ್ಲೂ ಮುಗಿಯಬಹುದು, ಮೂವತ್ತು ದಾಟಲೂಬಹುದು. ಕೈ ಸವೆಯುವುದು ಒಂದೊಂದು ಎಸೆತಕ್ಕೂ. ಹಾಗಾಗಿ ಎಸೆತಗಳನ್ನೇ ಎಣಿಸುವ ಪದ್ಧತಿ ಬಂತು. 9–10 ವರ್ಷದವರಿಗೆ ದಿನಕ್ಕೆ 75, 11–12 ವರ್ಷದವರಿಗೆ 85, 13–16 ವರ್ಷದವರಿಗೆ 95 ಎಸೆತಗಳ ಮಿತಿ. 14 ವರ್ಷದವರೆಗಿನ ಮಕ್ಕಳು ಒಂದೇ ದಿನ 66 ಅಥವಾ ಹೆಚ್ಚು ಎಸೆತ ಹಾಕಿದರೆ 4 ದಿನ ವಿಶ್ರಾಂತಿ ಕಡ್ಡಾಯ.

ನಮ್ಮ ಶಾಲಾ ಮೈದಾನಗಳಲ್ಲಿ ಬೇಸ್‌ಬಾಲ್ ಕಾಣಸಿಗುವುದು ಅಪರೂಪ. ಆದರೆ ಕ್ರಿಕೆಟ್ ಚೆಂಡನ್ನೋ ಜಾವೆಲಿನನ್ನೋ ಬಲವಾಗಿ ಎಸೆಯುವ ಮಕ್ಕಳು ಪ್ರತಿ ಶಾಲೆಯಲ್ಲೂ ಇದ್ದಾರೆ. ಅಲ್ಲಿನ ಪಾಠ ಇಲ್ಲಿನ ಪೋಷಕರಿಗೂ ಬೇಕು.

ಬೆಳೆಯುವ ಮೂಳೆ ಯಾಕೆ ನೋಯುತ್ತದೆ?

ಮಕ್ಕಳ ಮೂಳೆಗಳ ತುದಿಯಲ್ಲಿ ಮೃದುವಾದ ಪದರವೊಂದು ಇರುತ್ತದೆ. ಮೂಳೆ ಬೆಳೆಯುವುದು ಅಲ್ಲೇ. ಹದಿಹರೆಯ ಮುಗಿಯುತ್ತ ಬಂದಾಗ ಅದು ಗಟ್ಟಿಯಾಗಿ ಮೂಳೆಯಲ್ಲಿ ಸೇರಿಹೋಗುತ್ತದೆ. ಅಲ್ಲಿಯವರೆಗೆ ಸ್ನಾಯು, ಅಸ್ಥಿರಜ್ಜುಗಳಿಗಿಂತ ಆ ಪದರವೇ ದುರ್ಬಲ. ಜೋರಾಗಿ ಎಸೆಯುವಾಗ ಮೊಣಕೈಯ ಒಳಬದಿಗೆ ಭಾರೀ ಎಳೆತ ಬೀಳುತ್ತದೆ. ಬಿಡುವಿಲ್ಲದೆ ಹೀಗೆ ಎಳೆದರೆ ಪದರ ಘಾಸಿಗೊಳ್ಳುತ್ತದೆ, ಕೆಲವೊಮ್ಮೆ ಮೂಳೆಯ ಚೂರೇ ಕಿತ್ತುಬರುತ್ತದೆ. ವೈದ್ಯರು ಇದನ್ನು ‘ಲಿಟಲ್ ಲೀಗ್ ಎಲ್ಬೊ’ ಎನ್ನುತ್ತಾರೆ. ಭುಜಕ್ಕೂ ಇಂಥದೇ ತೊಂದರೆ ಬರುತ್ತದೆ.

ಸ್ವಲ್ಪ ದೊಡ್ಡವರಲ್ಲಿ ಹರಿಯುವುದು ಅಸ್ಥಿರಜ್ಜು. 1974ರಲ್ಲಿ ಟಾಮಿ ಜಾನ್ ಎಂಬ ವೃತ್ತಿಪರ ಪಿಚರ್‌ಗೆ ಡಾ. ಫ್ರಾಂಕ್ ಜೋಬ್ ಮುಂಗೈಯ ಸ್ನಾಯುರಜ್ಜು ತೆಗೆದು ಮೊಣಕೈಗೆ ಜೋಡಿಸಿದರು. ಟಾಮಿ ಜಾನ್ 1989ರವರೆಗೂ ಆಡಿದರು. ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಕೈ ಮೊದಲಿಗಿಂತ ಬಲವಾಗುತ್ತದೆ ಎಂದು ನಂಬಿದ ಪೋಷಕರು ಅಮೆರಿಕದಲ್ಲಿದ್ದಾರೆ. ಅದು ತಪ್ಪು ನಂಬಿಕೆ. ಪಿಚರ್ ಮತ್ತೆ ಪಂದ್ಯಕ್ಕೆ ಇಳಿಯಲು ಸಾಮಾನ್ಯವಾಗಿ ಒಂದು ವರ್ಷವಾದರೂ ಬೇಕು.

ದಣಿದ ಕೈ ದೊಡ್ಡ ಶತ್ರು

ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಶಸ್ತ್ರಚಿಕಿತ್ಸೆಯಾದ ಹದಿಹರೆಯದ ಪಿಚರ್‌ಗಳನ್ನು ಗಾಯವಾಗದವರ ಜೊತೆ ಹೋಲಿಸಿತು. ವರ್ಷದಲ್ಲಿ 8 ತಿಂಗಳಿಗಿಂತ ಹೆಚ್ಚು ಕಾಲ ಪಂದ್ಯಗಳಲ್ಲಿ ಎಸೆಯುವವರಿಗೆ ಅಪಾಯ 5 ಪಟ್ಟು. ಕೈ ದಣಿದ ಮೇಲೂ ಎಸೆಯುವುದನ್ನು ರೂಢಿ ಮಾಡಿಕೊಂಡವರಿಗೆ 36 ಪಟ್ಟು! ವರ್ಷದಲ್ಲಿ ಕನಿಷ್ಠ 4 ತಿಂಗಳು, ಅದರಲ್ಲಿ 2–3 ತಿಂಗಳು ಒಟ್ಟಿಗೆ, ಎಸೆತಕ್ಕೆ ರಜೆ ಕೊಡಬೇಕೆಂದು ಅಲ್ಲಿನ ತಜ್ಞರು ಹೇಳುವುದು ಇದಕ್ಕೇ. ರಜೆ ಎಂದರೆ ಮನೆಯಲ್ಲಿ ಕೂರುವುದು ಎಂದಲ್ಲ. ಆ ತಿಂಗಳುಗಳಲ್ಲಿ ಖೊಖೊ, ಫುಟ್‌ಬಾಲ್, ಓಟ ಇರಲಿ.

ಕ್ರಿಕೆಟ್‌ನಲ್ಲಿ ವೇಗದ ಬೌಲಿಂಗ್ ಮಾಡುವ ಮಕ್ಕಳಿಗೆ ಕೈಗಿಂತ ಸೊಂಟದ ಮೂಳೆಯ ಬಿರುಕೇ ಹೆಚ್ಚಿನ ಭಯ. ಇಂಗ್ಲೆಂಡ್ ಕ್ರಿಕೆಟ್ ಮಂಡಳಿ 15 ವರ್ಷದೊಳಗಿನ ವೇಗಿಗಳಿಗೆ ಒಂದು ಸ್ಪೆಲ್‌ಗೆ 6 ಓವರ್, ದಿನಕ್ಕೆ 12 ಓವರ್ ಮಿತಿ ಇಟ್ಟಿದೆ. ಅಲ್ಲೂ ಕೆಲಸ ಒಂದೇ, ಎಣಿಸುವುದು.

ಎಣಿಸುವವರು ಯಾರು?

ಬೆಳಿಗ್ಗೆ ಶಾಲಾ ತಂಡದ ಅಭ್ಯಾಸ, ಸಂಜೆ ಬಯಲಿನಲ್ಲಿ ಗೆಳೆಯರ ಜೊತೆ ಆಟ, ಭಾನುವಾರ ಕ್ಲಬ್‌ನ ಟೂರ್ನಿ. ಶಾಲೆಯ ಪಿ.ಟಿ. ಮೇಷ್ಟ್ರಿಗೆ ಕ್ಲಬ್‌ನ ಲೆಕ್ಕ ಗೊತ್ತಿರುವುದಿಲ್ಲ, ಕ್ಲಬ್‌ನ ಕೋಚ್‌ಗೆ ಶಾಲೆಯದು ತಿಳಿಯದು. ಎಲ್ಲವನ್ನೂ ಕಾಣುವವರು ಮನೆಯವರು ಮಾತ್ರ. ಆದ್ದರಿಂದ ಒಂದು ಹಳೆಯ ನೋಟ್‌ಬುಕ್‌ನಲ್ಲಿ ತಾರೀಕು, ಎಸೆತ ಅಥವಾ ಓವರ್‌ಗಳ ಸಂಖ್ಯೆ, ನೋವು ಇತ್ತೇ ಇಲ್ಲವೇ ಎಂಬುದನ್ನು ಬರೆದಿಡಿ. ಅಭ್ಯಾಸದ ಎಸೆತಗಳೂ ಲೆಕ್ಕಕ್ಕೆ ಬರಲಿ. ಕೋಚ್ ಮಲಯಾಳಂ, ತಮಿಳು, ಮರಾಠಿ, ತೆಲುಗು ಯಾವುದೇ ಮಾತಿನವರಿರಲಿ, ಅಂಕಿಗಳನ್ನು ತೋರಿಸಿದರೆ ಅರ್ಥವಾಗುತ್ತದೆ.

ಈ ಲಕ್ಷಣಗಳನ್ನು ಗಮನಿಸಿ:

- ಎಸೆದ ಮೇಲೆ ಮೊಣಕೈಯ ಒಳಬದಿ ಅಥವಾ ಭುಜ ನೋಯುವುದು
- ಕೈ ಪೂರ್ತಿ ನೀಳವಾಗಿ ಚಾಚಲು ಆಗದಿರುವುದು
- ಎಸೆತದ ವೇಗ, ಗುರಿ ಇದ್ದಕ್ಕಿದ್ದಂತೆ ಕೆಡುವುದು
- ಬೌಲಿಂಗ್ ಮಾಡುವವರಿಗೆ ಸೊಂಟದ ಒಂದು ಬದಿ ನೋವು ಬಿಡದೆ ಕಾಡುವುದು

ಇವುಗಳಲ್ಲಿ ಒಂದು ಕಂಡರೂ ಎಸೆಯುವುದನ್ನು ಅಂದೇ ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿ. ಮುಲಾಮು ಹಚ್ಚಿ, ಮಾತ್ರೆ ಕೊಟ್ಟು ಮೈದಾನಕ್ಕೆ ಕಳಿಸಬೇಡಿ. ಬೇಗ ಗೊತ್ತಾದರೆ ಮೊಣಕೈಯ ಗಾಯ ಹೆಚ್ಚಿನ ಮಕ್ಕಳಲ್ಲಿ ಕೆಲವು ವಾರಗಳ ವಿಶ್ರಾಂತಿಯಿಂದಲೇ ವಾಸಿಯಾಗುತ್ತದೆ.

ತಂಡದಿಂದ ಕೈಬಿಟ್ಟಾರು ಎಂಬ ಅಂಜಿಕೆಯಿಂದ ಮಕ್ಕಳು ನೋವನ್ನು ಬಚ್ಚಿಡುತ್ತಾರೆ. ಮನೆಗೆ ಬಂದಾಗ ‘ಎಷ್ಟು ವಿಕೆಟ್ ಬಿತ್ತು?’ ಎಂದು ಕೇಳುವ ಮೊದಲು ‘ಕೈ ಹೇಗಿದೆ?’ ಎಂದು ಕೇಳಿ.