ಯಾವ ಟೊಂಗೆ, ಎಷ್ಟು, ಎಲ್ಲಿಗೆ?

ಲಿಂಗಸುಗೂರಿನಿಂದ ಮಸ್ಕಿ ಹಾದು ಸಿಂಧನೂರಿಗೆ ಬರುವ ರಾಷ್ಟ್ರೀಯ ಹೆದ್ದಾರಿ 150ಎ ಸೀಮೆಯಲ್ಲಿ ನೆರಳೆಂದರೆ ಮೊದಲು ನೆನಪಾಗುವುದು ಬೇವು. ಮುಂಗಾರಿಗೆ ಮುಂಚಿನ ಬಿರುಗಾಳಿಗೆ ಅದರ ಟೊಂಗೆ ಮುರಿದು ಜೆಸ್ಕಾಂನ ವಿದ್ಯುತ್ ತಂತಿಯ ಮೇಲೆ ಬಿದ್ದರೆ ಸಾಕು, ನೆರಳು ಕೊಟ್ಟ ಗಿಡ ಓಣಿಗೆಲ್ಲ ಶತ್ರುವಾಗುತ್ತದೆ. ಮೊದಲು ಕೊಡಲಿ, ಆಮೇಲೆ ಅನುಮತಿಯ ಮಾತು.

ಆದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಕಣ್ಣಿನಲ್ಲಿ ಬುಡ ಕತ್ತರಿಸುವುದಷ್ಟೇ ಅಲ್ಲ, ಮರಕ್ಕೆ ಹಾನಿ ಮಾಡುವುದೂ ಕಡಿದಂತೆಯೇ. ನೀಲಗಿರಿ, ಸರ್ವೆಯಂಥ ವಿನಾಯಿತಿ ಪಡೆದ ಜಾತಿಗಳನ್ನು ಬಿಟ್ಟರೆ, ಅರ್ಜಿ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಗೆ ಹೋಗಬೇಕು. ಮರ ಸತ್ತಿದ್ದರೆ, ರೋಗ ಹಿಡಿದಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯ ಒಡ್ಡುತ್ತಿದ್ದರೆ ಕಾಯ್ದೆ ಅನುಮತಿಯ ಕಡೆಗೇ ವಾಲುತ್ತದೆ. ಹಾಗಾದರೆ ಸತ್ತಿದೆ, ಅಪಾಯವಿದೆ ಎಂದು ತೀರ್ಮಾನಿಸುವುದು ಹೇಗೆ? ವೃಕ್ಷತಜ್ಞರ ಕೆಲಸ ಶುರುವಾಗುವುದು ಇಲ್ಲಿಂದ.

ಬೇವನ್ನೇ ನೋಡಿ. ಚಿಗುರು ಕಂದಿ, ತುದಿಯಿಂದ ಕೆಳಕ್ಕೆ ಒಣಗುತ್ತ ಬರುವ ರೋಗ ಅದನ್ನು ಕಾಡುತ್ತದೆ. ಫೋಮಾಪ್ಸಿಸ್ ಎಂಬ ಶಿಲೀಂಧ್ರ ಇದಕ್ಕೆ ಕಾರಣ. ಚಿಗುರಿನ ರಸ ಹೀರುವ ಟೀ ಸೊಳ್ಳೆ ತಿಗಣೆಯೂ ಇಂಥದೇ ಲಕ್ಷಣ ತರುತ್ತದೆ. ದೂರದಿಂದ ಗಿಡ ಸುಟ್ಟಂತೆ ಕಂಡರೂ ಎಳೆ ರೆಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದಾಗ ಒಳಗೆ ಹಸಿರು ಕಂಡರೆ ಅದು ಸತ್ತಿಲ್ಲ. ಮಳೆ ಬಿದ್ದ ಮೇಲೆ ಮತ್ತೆ ಚಿಗುರುವುದುಂಟು.

ಅಪಾಯದ ಅಂದಾಜಿಗೆ ತಜ್ಞರು ಬುಡದಿಂದ ಮೇಲಕ್ಕೆ ನೋಡುತ್ತಾರೆ: ಬುಡದಲ್ಲಿ ಎದ್ದ ಅಣಬೆ, ಪೊಟರೆ, ಟೊಂಗೆ ಕವಲೊಡೆದ ಕಡೆಯ ಬಿರುಕು, ಹೊಸದಾಗಿ ಬಂದ ವಾಲು. ಕಾಂಡಕ್ಕೆ ಮರದ ಸುತ್ತಿಗೆಯಿಂದ ಬಡಿದಾಗ ಟೊಳ್ಳಿದ್ದರೆ ಡೊಳ್ಳಿನಂಥ ದನಿ. ಟೊಳ್ಳಾದ ಮರವೆಲ್ಲ ಬೀಳುವುದಿಲ್ಲ. ಸುತ್ತಲಿನ ಗಟ್ಟಿ ಕಟ್ಟಿಗೆಯ ದಪ್ಪ ಕಾಂಡದ ತ್ರಿಜ್ಯದ ಸುಮಾರು ಮೂರನೇ ಒಂದು ಭಾಗವಿದ್ದರೆ ಅದು ನಿಲ್ಲಬಲ್ಲದು ಎಂದು ಜರ್ಮನಿಯ ಕ್ಲಾಸ್ ಮ್ಯಾಟೆಕ್ ಅಂದಾಜಿಸಿದರು. ಎಲ್ಲ ಮರಕ್ಕೂ ಹೊಂದುವ ಸೂತ್ರ ಅದಲ್ಲ, ಆದರೂ ಪೊಟರೆ ಕಂಡೊಡನೆ ಗರಗಸ ತರುವವರ ಕೈ ಹಿಡಿಯಲು ಸಾಕು. ಇನ್ನೊಂದು ಪ್ರಶ್ನೆಯೂ ಇದೆ: ಬಿದ್ದರೆ ಯಾರ ಮೇಲೆ? ಶಾಲೆಯ ಗೇಟಿನ ಮುಂದಿನ ಬಿರುಕುಬಿಟ್ಟ ಟೊಂಗೆ ಬೇರೆ, ಹೊಲದ ಬದುವಿನದು ಬೇರೆ.

ಪರಿಹಾರ ಬಹಳ ಸಲ ಒಂದೆರಡು ಟೊಂಗೆಗಳಲ್ಲಿ ಮುಗಿಯುತ್ತದೆ. ಅನುಮತಿ ಪತ್ರ ಬರೀ ‘ಸವರಬಹುದು’ ಎಂದರೆ ಸಾಲದು. ಯಾವ ಟೊಂಗೆ, ಎಲ್ಲಿಯವರೆಗೆ ಎಂದೂ ಹೇಳಬೇಕು. ಏಕೆಂದರೆ ಮರಕ್ಕೆ ನಮ್ಮಂತೆ ಗಾಯ ಮಾಯುವುದಿಲ್ಲ. ಕೊಳೆತ ಭಾಗದ ಸುತ್ತ ಅದು ಒಳಗೇ ಗೋಡೆ ಕಟ್ಟಿ ಮುಚ್ಚಿಹಾಕುತ್ತದೆ ಎಂದು ಅಮೆರಿಕದ ಅಲೆಕ್ಸ್ ಶಿಗೊ 1970ರ ದಶಕದಲ್ಲಿ ವಿವರಿಸಿದರು. ಟೊಂಗೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಕೊರಳಪಟ್ಟಿಯಿದೆ. ಅದರ ಹೊರಗೆ ಕತ್ತರಿಸಿದರೆ ಗೋಡೆ ಸಲೀಸಾಗಿ ಏಳುತ್ತದೆ. ಕಾಂಡಕ್ಕೆ ಸಮನಾಗಿ ಕೆತ್ತಿದರೆ ಕೊಳೆ ಒಳಹೊಗುತ್ತದೆ. ಡಾಂಬರು ಬಳಿದರೂ ಕೊಳೆ ನಿಲ್ಲುವುದಿಲ್ಲ.

ಈ ರಾಯಚೂರು ಸೀಮೆಯ ಬಿಸಿಲಿನಲ್ಲಿ ಮರದ ತಲೆ ಬೋಳಿಸುವುದಂತೂ ಇನ್ನೂ ಕೆಟ್ಟದ್ದು. ಎಲೆ ಹೋದ ಗಿಡದ ತೊಗಟೆ ಸುಡುತ್ತದೆ. ಕತ್ತರಿಸಿದ ಮೋಟಿನಿಂದ ಗೊಂಚಲಾಗಿ ಏಳುವ ಚಿಗುರುಗಳು ಹೊರಪದರಕ್ಕಷ್ಟೇ ಅಂಟಿಕೊಂಡು ಬೆಳೆಯುತ್ತವೆ. ಕೆಲವೇ ವರ್ಷಗಳಲ್ಲಿ ಅವೇ ದಪ್ಪಗಾಗಿ, ಹಿಂದಿನ ಟೊಂಗೆಗಿಂತ ಸುಲಭವಾಗಿ ಮುರಿದು ಅದೇ ತಂತಿಯ ಮೇಲೆ ಬೀಳುತ್ತವೆ.